ಕಣ್ಣಿಗೊಂದು ಉಸಿರು

ಕಳೆದ ತಿಂಗಳು ಮಾಲೂರಿನ ನಮ್ಮ ಮನೆಗೆ ಹೊಸ ಅಡುಗೆ ಕಟ್ಟೆ ಹಾಕಿಸಿದೆವು. ಕೆಲಸದವನು ಕಪ್ಪು ಕಲ್ಲಿನ ಹಲಗೆಯನ್ನು ಅಂಗಳದಲ್ಲಿಟ್ಟು ಮಿಷನ್ನು ಹಚ್ಚಿ ಒಂದು ನಿಮಿಷವೂ ಆಗಿರಲಿಲ್ಲ, ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನ ಮೂಗಿಗೆ ಸಾಸಿವೆಯ ಘಾಟನ್ನೂ ದಾಟಿ ಆ ವಾಸನೆ ಬಂತು. ಕಲ್ಲು ಸುಟ್ಟ ವಾಸನೆ. ದೀಪಾವಳಿಯಲ್ಲಿ ಕೇಪನ್ನು ಕಲ್ಲಿನ ಮೇಲಿಟ್ಟು ಜಜ್ಜಿದಾಗ ಬರುತ್ತದಲ್ಲ, ಹಾಗೆ. ಒಲೆ ಆರಿಸಿ ಹೊರಗೆ ಓಡಿದೆ. ಆ ಮನುಷ್ಯ ಬಾಯಿಗೆ ತೆಳ್ಳನೆಯ ಕರ್ಚೀಫು ಕಟ್ಟಿಕೊಂಡು ಹಿಟ್ಟಿನಂಥ ಧೂಳಿನ ನಡುವೆ ಆರಾಮವಾಗಿ ಕೂತಿದ್ದ. ನಾನು ಸ್ವಿಚ್ಚು ಆರಿಸಿ ಬೈಯಲು ಶುರುಮಾಡಿದೆ. ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳ ಬೈಗುಳ, ಬೀದಿಯವರೆಲ್ಲ ಇಣುಕಿ ನೋಡಿದರು. ನೀರು ಹಾಕಿಕೊಂಡು ಕುಯ್ಯಬೇಕೆಂದು ಗೊತ್ತಿಲ್ಲವಾ ಎಂದರೆ ಅವನು ಮಿಕಿಮಿಕಿ ನೋಡಿ, "ನೀರಾಕಿದ್ರೆ ಗೆರೆ ಕಾಣಲ್ಲ ಮೇಡಂ" ಎಂದ.

ನಮ್ಮಣ್ಣನೂ ಇದೇ ಮಾತನ್ನು ಹೇಳುತ್ತಿದ್ದ. ಬಾಗಿಲ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ನಾಲ್ಕು ವರ್ಷದ ಹಿಂದಿನ ಆ ದಸರಾ ರಜೆ, ನಾನೇ ಹಟ ಮಾಡಿ ಹೊರಡಿಸಿದ್ದ ಆ ಪ್ರವಾಸ, ಒಂದೊಂದೇ ನೆನಪಾಗತೊಡಗಿತು.

ನಾನು ಹುಟ್ಟಿದ್ದು ಶಿವಾರಪಟ್ಟಣದಲ್ಲಿ. ನಮ್ಮೂರಲ್ಲಿ ಮನೆಗೊಂದು ಶೆಡ್ಡು, ಶೆಡ್ಡಿಗೆ ನಾಲ್ಕೈದು ದೇವರು. ಸೊಂಡಿಲು ಬಾಕಿ ಇರುವ ಗಣಪತಿ, ಪಾದ ಬಾಕಿ ಇರುವ ಆಂಜನೇಯ, ಎಲ್ಲರೂ ಬಿಸಿಲಲ್ಲಿ ತಮ್ಮ ಸರದಿಗೆ ಕಾಯುತ್ತಿರುತ್ತಾರೆ. ನಮ್ಮಪ್ಪ ವಿಗ್ರಹ ಕೆತ್ತುತ್ತಿದ್ದರು. ಅವರಾದ ಮೇಲೆ ಅಣ್ಣ ಶಂಕರಾಚಾರಿ. ನನಗಿಂತ ಎಂಟು ವರ್ಷ ದೊಡ್ಡವನು. ನನಗೆ ತಲೆ ನರೆತ ಮೇಲೂ ಅವನು ನನ್ನನ್ನು ಕರೆಯುತ್ತಿದ್ದದ್ದು "ಪಾಪ" ಎಂದೇ.

ವಿಗ್ರಹಕ್ಕೆ ಕಡೆಯ ಕೆಲಸ ಕಣ್ಣು. ಕಣ್ಣಿನ ಆಕಾರ ಮೊದಲೇ ಆಗಿರುತ್ತದೆ. ಪಾಪೆಯ ಸುತ್ತ ಬರುವ ಕೂದಲೆಳೆಯಷ್ಟು ಗೆರೆಯೊಂದನ್ನು ಉಳಿಸಿಕೊಂಡಿರುತ್ತಾರೆ. ಪ್ರತಿಷ್ಠೆಯ ದಿನ ಬೆಳಿಗ್ಗೆ ಅದನ್ನು ತೆಗೆಯಬೇಕು. ಯಾವ ಕೈ ಮೂರ್ತಿಯನ್ನು ಮಾಡಿದೆಯೋ ಅದೇ ಕೈ ಕಣ್ಣನ್ನೂ ತೆರೆಯಬೇಕು, ಇನ್ನೊಬ್ಬರು ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಒಂದು ಕಣ್ಣಿನ ಗೆರೆಯನ್ನು ಒಂದೇ ಉಸಿರಿನಲ್ಲಿ ಮುಗಿಸಬೇಕು. ಉಸಿರು ಹಿಡಿದು ಉಳಿ ಇಟ್ಟರೆ ಗೆರೆ ಕೂಡುವವರೆಗೂ ಬಿಡುವಂತಿಲ್ಲ. ನಡುವೆ ಬಿಟ್ಟರೆ ಕೈ ಅಲುಗಿ ಗೆರೆ ನಡುಗುತ್ತದೆ. ಗೆರೆ ನಡುಗಿದರೆ ಆ ದೇವರು ಭಿನ್ನ. ಭಿನ್ನವಾದದ್ದು ಪೂಜೆಗೆ ಬರುವುದಿಲ್ಲ, ನೀರಿಗೆ ಬಿಡಬೇಕು. "ಕಣ್ಗೊಂದು ಉಸಿರು ಕಣೋ" ಎಂದು ಅಪ್ಪ ಅಣ್ಣನಿಗೆ ಹೇಳಿಕೊಡುತ್ತಿದ್ದದ್ದು ನನ್ನ ಕಿವಿಯಲ್ಲಿದೆ.

ತೆರೆದ ಕಣ್ಣು ಮೊದಲು ಮನುಷ್ಯರನ್ನು ನೋಡಬಾರದು, ಆ ದೃಷ್ಟಿಯನ್ನು ತಡೆಯಲಾಗುವುದಿಲ್ಲ ಎನ್ನುತ್ತಾರೆ. ಅದಕ್ಕೆ ಎದುರಿಗೆ ಕನ್ನಡಿ ಹಿಡಿಯಬೇಕು. ಅದು ಮನೆಯ ಹೆಣ್ಣುಮಗಳ ಕೆಲಸ. ಏಳನೇ ವಯಸ್ಸಿನಿಂದ ನಾನು ಕನ್ನಡಿ ಹಿಡಿದಿದ್ದೇನೆ. ಹಿಡಿದವರು ಕನ್ನಡಿಯ ಹಿಂದೆ ಕಣ್ಣು ಮುಚ್ಚಿಕೊಂಡಿರಬೇಕು. ಹಾಗಾಗಿ ಅಷ್ಟೊಂದು ದೇವರುಗಳ ಕಣ್ಣು ತೆರೆದದ್ದನ್ನು ನಾನು ಕೇಳಿದ್ದೇನೆ, ಒಂದನ್ನೂ ನೋಡಿಲ್ಲ.

ಆ ವರ್ಷ ಮಳೆಗಾಲದ ಶುರುವಿನಲ್ಲಿ ಅಣ್ಣನಿಗೆ ಕೆಮ್ಮು ಹತ್ತಿತು. ಕೋಲಾರದ ಡಾಕ್ಟರು ಎಕ್ಸ್‌ರೇಯನ್ನು ದೀಪದ ಎದುರು ಹಿಡಿದು, ಎದೆಯ ತುಂಬ ಕಲ್ಲಿನ ಧೂಳು ಕೂತಿದೆ ಎಂದರು. ಉಳಿ ಹಿಡಿದ ಕಾಲದಲ್ಲಿ ಚೂರು ಹಾರುತ್ತಿತ್ತು, ಮಿಷನ್ನು ಬಂದ ಮೇಲೆ ಹಿಟ್ಟು ಹಾರುತ್ತದೆ, ಚೂರಿಗಿಂತ ಹಿಟ್ಟೇ ಅಪಾಯ ಎಂದರು. ವಾಸಿಯಾಗುವುದು ಯಾವಾಗ ಎಂದು ಕೇಳಿದೆ. ಅವರು ಅಣ್ಣನ ಕಡೆ ನೋಡಿ, "ಕೆಲಸ ಬಿಟ್ಬಿಡಿ ಯಜಮಾನ್ರೇ" ಎಂದರು. ಅಣ್ಣ, "ಒಂದು ಬಾಕಿ ಇದೆ ಸಾರ್" ಎಂದ.

ಆ ಬಾಕಿ ಯಲ್ದೂರಿನ ಹತ್ತಿರದ ಒಂದು ಹಳ್ಳಿಯ ಗಂಗಮ್ಮ. ಅವರ ಗುಡಿಯ ಚಾವಣಿ ರಿಪೇರಿ ಮಾಡುವಾಗ ಮೇಲಿಂದ ತೊಲೆ ಜಾರಿ ಹಳೆಯ ಅಮ್ಮನ ಮೂಗು ಹಾರಿಹೋಗಿತ್ತು. ಅವಳನ್ನು ಕೆರೆಗೆ ಬಿಟ್ಟು ಬಂದು, ಖಾಲಿ ಪೀಠದ ಮುಂದೆ ದೀಪ ಹಚ್ಚಿಕೊಂಡು ಊರವರು ಕಾಯುತ್ತಿದ್ದರು. ಹೊಸ ಅಮ್ಮ ಎದೆಮಟ್ಟದ ಎತ್ತರ, ಕೃಷ್ಣಶಿಲೆ. ಅಷ್ಟು ಚೆಂದದ ಮುಖವನ್ನು ಅಣ್ಣ ಇನ್ನೊಂದು ಮಾಡಿರಲಿಲ್ಲ. ಆ ಹಳ್ಳಿಯ ಹಿರಿಯರು ಮುನಿವೆಂಕಟಪ್ಪ ಎಂದು, ಮಾವಿನ ತೋಟದವರು, ಅರ್ಧ ತೆಲುಗು ಅರ್ಧ ಕನ್ನಡ. ಬಂದು ನೋಡಿ, "ಅಬ್ಬಾ, ಇಂಗ ಲೇಸಿ ನಡೀಬೇಕು ಅಷ್ಟೇ, ಎದ್ದು ನಡೆದ್ಬಿಡ್ತಾಳೆ ನಮ್ಮಮ್ಮ" ಎಂದು ಕೈಮುಗಿದಿದ್ದರು. ಕಣ್ಣೊಂದೇ ಬಾಕಿ. ಪ್ರತಿಷ್ಠೆಯನ್ನು ದಸರಾಕ್ಕೆ ಮುಂಚೆ ಇಟ್ಟುಕೊಂಡಿದ್ದರು.

ಅದನ್ನು ಕಾರ್ತಿಕಕ್ಕೆ ಮುಂದೂಡಿಸಿದವಳು ನಾನು.

ಯಾಕೆಂದರೆ ನನಗೆ ದಸರಾ ರಜೆ. ಅಣ್ಣ ಯಾವಾಗಲೋ ಒಮ್ಮೆ, "ಹಂಪೇನ ಒಂದ್ಸಲ ನೋಡ್ಬೇಕಿತ್ತು ಪಾಪ" ಎಂದಿದ್ದ. ನಮ್ಮಿಬ್ಬರದೂ ಒಂದೇ ಕಥೆ. ನಾನು ವಿಜಯನಗರವನ್ನು ನೋಡದೆ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ, ಅವನು ಅಲ್ಲಿಯ ಕಂಬಗಳನ್ನು ನೋಡದೆ ಪಟ ನೋಡಿಕೊಂಡೇ ಅಂಥವನ್ನು ಕೆತ್ತಿದ್ದ. ಡಾಕ್ಟರ ಕೋಣೆಯಿಂದ ಹೊರಗೆ ಬರುವಾಗಲೇ ನಾನು ತೀರ್ಮಾನ ಮಾಡಿಬಿಟ್ಟೆ. ಹಂಪಿ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೊನೆಗೆ ಬಿಜಾಪುರ. ಏಳು ದಿನ. ಡ್ರಾಯಿಂಗ್ ಶೀಟಿನ ಮೇಲೆ ಬಣ್ಣಬಣ್ಣದ ಪೆನ್ನಲ್ಲಿ ಪಟ್ಟಿ ಬರೆದೆ. ಒಳ್ಳೆಯ ಗಾಳಿ, ಧೂಳಿಲ್ಲದ ಏಳು ದಿನ, ತಿರುಗಿ ಬರುವಷ್ಟರಲ್ಲಿ ಎದೆ ಹಗುರಾಗಿರುತ್ತದೆ, ಆಮೇಲೆ ಕಣ್ಣು ತೆರೆದರಾಯಿತು. ನನ್ನ ಲೆಕ್ಕ ಇಷ್ಟೇ. ಮುನಿವೆಂಕಟಪ್ಪನವರಿಗೆ ಫೋನು ಮಾಡಿ ಒಪ್ಪಿಸಿದವಳೂ ನಾನೇ. ಅಣ್ಣ ಶೆಡ್ಡಿಗೆ ಹೋಗದಿರಲೆಂದು ಅವನ ಉಳಿಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮಾಲೂರಿಗೆ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅಣ್ಣ ತಡೆಯಲಿಲ್ಲ. ಅತ್ತಿಗೆ ರತ್ನಮ್ಮ ಮುಳಬಾಗಿಲಿನವರು, ಮಾತು ಕಡಿಮೆ. ಅವರು ಮಾತ್ರ, "ಕಣ್ಣು ಮುಗಿಸ್ಕೊಂಡೇ ಹೋಗ್ಬಹುದಿತ್ತೇನೋ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅತ್ತಿಗೆಗೆ ಮಂಡಿನೋವು, ನನ್ನ ಯಜಮಾನರಿಗೆ ರಜೆ ಸಿಗಲಿಲ್ಲ. ಅಣ್ಣ ತಂಗಿ ಇಬ್ಬರೇ ಹೊರಟೆವು. ಮಾಲೂರಿನ ಸುತ್ತ ರಾಗಿ ತೆನೆ ಕಟ್ಟುತ್ತಿತ್ತು, ಇಟ್ಟಿಗೆ ಗೂಡುಗಳ ಮೇಲೆ ಪ್ಲಾಸ್ಟಿಕ್ಕು ಹೊದಿಸಿದ್ದರು, ಹಿಂಗಾರಿನ ಮೋಡ. ಹೊಸಪೇಟೆಯಲ್ಲಿ ಇಳಿದಾಗ ಬೆಳಿಗ್ಗೆ ಎಂಟಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ನನ್ನ ಪಟ್ಟಿಯಲ್ಲಿ ಬಿಸಿಲಿನ ಮಾತೇ ಇರಲಿಲ್ಲ.

ಮೊದಲ ದಿನ ಖುಷಿಯಾಗಿಯೇ ಕಳೆಯಿತು, ಅದನ್ನು ಇಲ್ಲ ಎನ್ನಲಾರೆ. ಒಬ್ಬ ಗೈಡನ್ನು ಗೊತ್ತು ಮಾಡಿಕೊಂಡಿದ್ದೆ. ಅವನು ಅರಸರ ವೈಭವ ಹೇಳುತ್ತಿದ್ದ, ನಾನು ನಡುನಡುವೆ ಅವನನ್ನು ತಿದ್ದುತ್ತಿದ್ದೆ, ಅಣ್ಣ ಇಬ್ಬರನ್ನೂ ಬಿಟ್ಟು ಕಂಬಗಳನ್ನು ಸವರಿಕೊಂಡು ಹೋಗುತ್ತಿದ್ದ. ಬಂಡೆಯೊಂದರ ಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿಗಳಿದ್ದವು. ಬಂಡೆ ಸೀಳಲು ಹೊಡೆದ ಗುಳಿಗಳು. ಅದಕ್ಕೆ ಮರದ ಬೆಣೆ ಬಡಿದು ನೀರು ಹಾಕಿದರೆ, ಮರ ಉಬ್ಬಿ ಕಲ್ಲು ಎರಡಾಗುತ್ತದೆ. ಆ ಬಂಡೆ ಮಾತ್ರ ಎರಡಾಗಿರಲಿಲ್ಲ. ಅಣ್ಣ ಗೈಡನ್ನು ಹತ್ತಿರ ಕರೆದು, "ನೋಡಪ್ಪ, ಇಲ್ಲಿ ಎಡವಟ್ಟು ಮಾಡವ್ನೆ. ಗುಳಿ ದೂರ ದೂರ ಬಿದ್ದೈತೆ. ಅವತ್ತು ಇವನಿಗೆ ಮೇಸ್ತ್ರಿ ಹತ್ರ ಸರಿಯಾಗಿ ಬಿದ್ದಿರುತ್ತೆ" ಎಂದು ನಕ್ಕ. ಅವನಿಗೆ ಕಂಡದ್ದೆಲ್ಲ ಇಂಥವೇ. ಒಂದು ಕುದುರೆಯ ಮುಂಗಾಲು ಗಿಡ್ಡವಾಗಿದೆ, ಇಲ್ಲಿ ಗುರು ಬಿಟ್ಟು ಶಿಷ್ಯ ಕೆತ್ತಿದ್ದಾನೆ, ಇಲ್ಲಿ ಕಲ್ಲು ಕೈಕೊಟ್ಟಿದೆ, ಇಲ್ಲಿ ಹಬ್ಬ ಹತ್ತಿರ ಬಂದು ಅವಸರ ಮಾಡಿದ್ದಾನೆ. ಕೈ ಮುರಿದ, ಮೂಗು ಹೋದ ವಿಗ್ರಹಗಳ ಮುಂದೆ ಮಾತ್ರ ಸುಮ್ಮನೆ ನಿಲ್ಲುತ್ತಿದ್ದ. ಒಮ್ಮೆ, "ನಮ್ಮೂರ್ನೋರ್ನೆಲ್ಲ ಕರ್ಕೊಂಬಂದು ಬಿಟ್ಟಿದ್ರೆ ಒಂದು ವರ್ಷದಲ್ಲಿ ಎಲ್ಲಾನೂ ಸರಿ ಮಾಡ್ಬಿಡ್ತಿದ್ವಿ ಪಾಪ" ಎಂದ. ಹಾಗೆಲ್ಲ ಮಾಡುವಂತಿಲ್ಲ ಎಂದು ನಾನು ಪಾಠ ಹೇಳಿದೆ. ಅವನು ತಲೆಯಾಡಿಸಿದ.

ಎರಡನೇ ದಿನ ಬೆಳಿಗ್ಗೆ ಮಾತಂಗ ಬೆಟ್ಟ. ಮೇಲಿಂದ ಇಡೀ ಹಾಳೂರು ಕಾಣುತ್ತದೆ, ನದಿ ಕಾಣುತ್ತದೆ, ನೋಡದೆ ಹೋದರೆ ಬಂದದ್ದೇ ದಂಡ ಎಂದು ಗೈಡು ಹೇಳಿದ್ದ. ಅಣ್ಣ ಕೆಳಗೇ ಕೂತಿರುತ್ತೇನೆ ಎಂದ. ಮೆಲ್ಲಗೆ ಹತ್ತಿದರಾಯಿತು, ಎದೆಗೂ ಒಳ್ಳೆಯದು ಎಂದು ನಾನು ಒತ್ತಾಯ ಮಾಡಿದೆ. ಎದೆಗೆ ಒಳ್ಳೆಯದು ಎಂದು ನನಗೆ ಯಾರು ಹೇಳಿದ್ದರೋ. ಅರ್ಧ ದಾರಿಯಲ್ಲಿ ಅವನು ಬಂಡೆಗೆ ಒರಗಿ ನಿಂತ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ, ಒಳಗೆ ಏನೂ ಹೋದಂತೆ ಕಾಣಲಿಲ್ಲ. ನೀರಿನ ಬಾಟಲಿ ಹಿಡಿದುಕೊಂಡು ಅವನ ಬೆನ್ನು ಸವರುತ್ತ ನಿಂತೆ. ಅಕ್ಕಪಕ್ಕದಲ್ಲಿ ಕಾಲೇಜು ಹುಡುಗರು ನಗುತ್ತ ಹತ್ತಿಹೋಗುತ್ತಿದ್ದರು. ಸುಧಾರಿಸಿಕೊಂಡ ಮೇಲೆ ಅವನು ಹೇಳಿದ್ದು ಒಂದೇ ಮಾತು: "ನೀನು ಹೋಗಿ ನೋಡ್ಕೊಂಬಾ. ನಾನಿಲ್ಲೇ ಇರ್ತೀನಿ." ನಾನು ಹೋಗಲಿಲ್ಲ. ಆ ಬೆಟ್ಟದ ತುದಿಯನ್ನು ನಾನು ಇವತ್ತಿಗೂ ನೋಡಿಲ್ಲ.

ಆ ಮಧ್ಯಾಹ್ನ, ಜನ ಹೆಚ್ಚು ಹೋಗದ ಒಂದು ಬಿದ್ದ ಮಂಟಪದಲ್ಲಿ ನೆರಳಿಗೆಂದು ಕೂತೆವು. ಗೈಡನ್ನು ಕಳಿಸಿಬಿಟ್ಟಿದ್ದೆ. ಹಿಂದಿನ ಗೋಡೆಗೆ ಒರಗಿಸಿದಂತೆ ಒಂದು ಕಲ್ಲಿತ್ತು. ಅಣ್ಣ ಎದ್ದು ಹತ್ತಿರ ಹೋದ. ಅರ್ಧ ಕೆತ್ತಿದ ಹೆಣ್ಣು ವಿಗ್ರಹ. ಕಾಲು, ಸೀರೆಯ ನೆರಿಗೆ, ಡಾಬು, ಎದೆಯ ಮೇಲಿನ ಸರ, ಎಲ್ಲ ಮುಗಿದಿತ್ತು. ಕುತ್ತಿಗೆಯ ಮೇಲೆ ಬರೀ ಗುಂಡುಕಲ್ಲು, ಅದರಲ್ಲಿ ಮುಖಕ್ಕೆ ಗುರುತು ಹಾಕಿದ ಎರಡು ಗೆರೆ.

ಅವನು ಅದರ ಮುಂದೆ ಕೂತವನು ಏಳಲೇ ಇಲ್ಲ. ಬೆರಳಿಂದ ಆ ಎರಡು ಗೆರೆಗಳನ್ನು ಸವರಿ ಸವರಿ ನೋಡಿದ. "ಇಷ್ಟು ಮಾಡ್ದೋನು ಯಾಕೆ ನಿಲ್ಲಿಸ್ದ ಪಾಪ?"

"ಯುದ್ಧ ಬಂತಲ್ಲಣ್ಣ. ಊರಿಗೆ ಬೆಂಕಿ ಬಿತ್ತು, ಜನ ಎಲ್ಲ ಬಿಟ್ಟು ಓಡಿಹೋದ್ರು" ಎಂದೆ, ತರಗತಿಯಲ್ಲಿ ಹೇಳುವ ಹಾಗೆಯೇ.

"ಓಡೋನು ಇಂಗೆ ಗೋಡೆಗೆ ಒರಗ್ಸಿ ಹೋಗ್ತಾನಾ? ಇವ್ನು ನಾಳೆ ಬರ್ತೀನಿ ಅಂತ ಹೋಗವ್ನೆ." ಮತ್ತೆ ಆ ಗೆರೆ ಸವರಿ, "ಕಲ್ಲು ಏನಾದ್ರೂ ಕೆಟ್ಟಿತ್ತೋ ಏನೋ" ಎಂದ.

ಅಷ್ಟು ಹೇಳಿ ಚೀಲದಿಂದ ಟವಲ್ಲು ತೆಗೆದ. ಅದರ ಮಡಿಕೆಯೊಳಗಿಂದ ಬೆರಳುದ್ದದ ಒಂದು ಉಳಿ ಬಂತು. ಅಪ್ಪನ ಕಾಲದ್ದು. ಕಣ್ಣು ತೆರೆಯಲು ಮಾತ್ರ ಬಳಸುತ್ತಿದ್ದ ಉಳಿ. ನಾನು ಬೀಗ ಹಾಕಿಟ್ಟ ಚೀಲದಲ್ಲಿ ಅದಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾದದ್ದು. ಬಾಯಿ ತೆರೆಯುವಷ್ಟರಲ್ಲಿ ಅವನು ಉಳಿಯ ಹಿಂಬದಿಯಿಂದ ಆ ಕಲ್ಲಿನ ಭುಜಕ್ಕೆ ಎರಡು ಸಲ ಮೆಲ್ಲಗೆ ತಟ್ಟಿ ಕಿವಿಯಿಟ್ಟ. ಕಲ್ಲು ಕೆಲಸದವರು ಕಲ್ಲನ್ನು ಹೀಗೇ ಕೇಳುವುದು. ಒಳಗೆ ಬಿರುಕಿದ್ದರೆ ಮಂಕು ದನಿ, ಇಲ್ಲದಿದ್ದರೆ ಗಂಟೆಯ ಹಾಗೆ. ಟಣ್ ಎಂದಿತು. ನಾನೂ ಕೇಳಿದೆ. ಅದರ ಹಿಂದೆಯೇ ಸೀಟಿ ಊದಿದ ಸದ್ದು.

ಕಾವಲಿನವರು ಇಬ್ಬರು ಓಡಿಬಂದರು. "ಏನ್ ಮಾಡಾಕತ್ತೀರಿ ಇಲ್ಲಿ? ಉಳಿ ತಗೊಂಡು ಕಡಿಯಾಕ ಬಂದೀರೇನು?"

"ಕೇಳ್ದೆ ಅಷ್ಟೇ ಸ್ವಾಮಿ. ಹೊಡೀಲಿಲ್ಲ" ಎಂದ ಅಣ್ಣ.

ಎಲ್ಲಿದ್ದರೋ, ಜನ ಸೇರಿಬಿಟ್ಟರು. ಮೂರ್ನಾಲ್ಕು ಮೊಬೈಲುಗಳು ಅಣ್ಣನ ಮುಖಕ್ಕೆ ತಿರುಗಿದವು. ಇಂಥವರಿಂದಲೇ ಎಲ್ಲ ಹಾಳಾಗುವುದು ಎಂದು ಯಾರೋ ಅಂದರು. ನಾನು ಟೀಚರು, ಇತಿಹಾಸ ಹೇಳುವವಳು, ಇವನು ಶಿಲ್ಪಿ, ಕಲ್ಲಿನ ಮೇಲೆ ಒಂದು ಗೀರೂ ಬಿದ್ದಿಲ್ಲ ನೋಡಿ ಎಂದು ಏನೇನೋ ಹೇಳಿದೆ. ಇಡೀ ಶಾಲೆಯನ್ನು ಗದರಿಸುವ ನನ್ನ ದನಿ ಅಲ್ಲಿ ಅಳುವವರ ದನಿಯಾಗಿತ್ತು. ಕಾವಲಿನವರು ಕೆಟ್ಟವರಲ್ಲ. ಅಣ್ಣನಿಗೆ ಕೆಮ್ಮು ಬಂದಾಗ ಕೂರಿಸಿ ನೀರು ಕೊಟ್ಟರು. ನಮ್ಮ ಹೆಸರು ಊರು ಬರೆಸಿಕೊಂಡು, ಇನ್ನು ಹೀಗೆ ಮಾಡುವುದಿಲ್ಲ ಎಂದು ಬರೆಸಿಕೊಂಡು ಬಿಟ್ಟರು. "ಆದ್ರ ಉಳಿ ಕೊಡಾಕ ಬರಂಗಿಲ್ಲರಿ ಮೇಡಮ್ಮರ" ಎಂದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಅರವತ್ತು ವರ್ಷದ ಮನುಷ್ಯ, ಎಷ್ಟೋ ಊರಿಗೆ ದೇವರನ್ನು ಕೊಟ್ಟವನು, ತಪ್ಪೊಪ್ಪಿಗೆಗೆ ಸಹಿ ಹಾಕುವುದನ್ನು ನೋಡಿಕೊಂಡು ಪಕ್ಕದಲ್ಲಿ ನಿಂತಿದ್ದೆ.

ರೂಮಿಗೆ ಬಂದ ಮೇಲೆ ಅವನು ನನ್ನ ಪಟ್ಟಿಯನ್ನು ನೀಟಾಗಿ ಮಡಿಸಿ ನನ್ನ ಕೈಗೆ ಕೊಟ್ಟ. "ನೀನು ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ ಊರಿಗೆ ಹೋಗ್ಬಿಡೋಣ. ಅಮ್ಮಂದು ಕಣ್ಣು ಬಾಕಿ ಐತೆ. ಆ ಮಂಟಪದೋನ ಥರ ಆಗ್ಬಾರ್ದು ನಂದು." ಬಾದಾಮಿಯೂ ಇಲ್ಲ, ಬಿಜಾಪುರವೂ ಇಲ್ಲ, ಮೂರನೇ ದಿನಕ್ಕೆ ತಿರುಗಿಬಂದೆವು. ಅಪ್ಪನ ಉಳಿ ಹೋಯಿತಲ್ಲ ಎಂದು ರೈಲಿನಲ್ಲಿ ನಾನು ಅತ್ತರೆ, "ಯಾವ ಉಳಿಯಾದ್ರೇನು ಪಾಪ, ಕಬ್ಬಿಣ ತಾನೆ. ಉಸಿರೊಂದು ಇದ್ರೆ ಆಯ್ತು" ಎಂದು ಸಮಾಧಾನ ಮಾಡಿದ.

ಉಸಿರೇ ಇರಲಿಲ್ಲ. ಬೆಟ್ಟದ ಮೇಲೆ ಕಟ್ಟಿದ ಉಬ್ಬಸ ಇಳಿಯಲೇ ಇಲ್ಲ. ಬೀರುವಿನಿಂದ ಉಳಿಯ ಚೀಲ ತೆಗೆದು ಕೊಟ್ಟೆ. ಅವನು ಅದರಲ್ಲೊಂದನ್ನು ಆರಿಸಿ ದಿನಾ ಮಸೆಯುತ್ತಿದ್ದ, ಸಂಜೆ ನಾನು ಹೋದರೆ ಗಡಿಯಾರ ನೋಡು ಎಂದು ಹೇಳಿ ಉಸಿರು ಹಿಡಿಯುತ್ತಿದ್ದ. ಕಣ್ಣಿನ ಗೆರೆಗೆ ನಿಧಾನವಾಗಿ ನಲವತ್ತು ಎಣಿಸುವಷ್ಟು ಹೊತ್ತು ಬೇಕು. ಮೊದಲು ಇಪ್ಪತ್ತಕ್ಕೆ ಬಿಟ್ಟ. ಒಂದು ವಾರಕ್ಕೆ ಇಪ್ಪತ್ತೈದು. ಒಂದು ದಿನ ಮೂವತ್ತೆಂಟರ ತನಕ ಬಂದು ಮಕ್ಕಳ ಹಾಗೆ ಖುಷಿಪಟ್ಟ. ಮಾರನೇ ದಿನ ಹನ್ನೆರಡು. ನಾನು ಎಣಿಸುತ್ತ ಎಣಿಸುತ್ತ ಎರಡು ಅಂಕಿ ಹಾರಿಸಿ ಹೇಳುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಕಾರ್ತಿಕದ ಆ ದಿನ ಬೆಳಕು ಹರಿಯುವ ಹೊತ್ತಿಗೆ ಟ್ರ್ಯಾಕ್ಟರು ಬಂತು. ಬಾಳೆಕಂದು, ಮಾವಿನ ತೋರಣ ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಹೊಸ ಜಮಖಾನ ಹಾಸಿಕೊಂಡು ಬಂದಿದ್ದರು. ಜೊತೆಗೆ ತಮಟೆಯವರು. ಕಣ್ಣು ತೆರೆದಾಗ ಒಳಗಿಂದ ಗಂಟೆ ಹೊಡೆಯುತ್ತೇವೆ, ಆಮೇಲೆ ತಮಟೆ ಬಡಿಯಿರಿ ಎಂದು ಅತ್ತಿಗೆ ಹೇಳಿದರು. ಮುನಿವೆಂಕಟಪ್ಪ ತಲೆಗೆ ಪೇಟ ಸುತ್ತಿಕೊಂಡು ಶೆಡ್ಡಿನ ಹೊರಗೆ ಕೈಕಟ್ಟಿ ನಿಂತರು.

ಒಳಗೆ ಅಣ್ಣ, ನಾನು, ಬಾಗಿಲಲ್ಲಿ ಅತ್ತಿಗೆ. ನಾನು ಕನ್ನಡಿ ಹಿಡಿದು ಕಣ್ಣು ಮುಚ್ಚಿದೆ. ಅವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಟಕ್, ಟಕ್, ಟಕ್. ನಾನೂ ಉಸಿರು ಹಿಡಿದಿದ್ದೆ. ಕಲ್ಲು ಸುಟ್ಟ ವಾಸನೆ. ಎಣಿಕೆ ನಲವತ್ತು ದಾಟಿತು, ಸದ್ದು ನಿಂತಿತು. "ಬಲಗಣ್ಣು ಆಯ್ತು" ಎಂದ, ಹಾಗೆಂದವನೇ ನೆಲಕ್ಕೆ ಕುಸಿದ. ಕೆಮ್ಮು ನಿಲ್ಲುವ ಹೊತ್ತಿಗೆ ಬಿಸಿಲು ಶೆಡ್ಡಿನೊಳಗೆ ಬಂದಿತ್ತು.

ಎಡಗಣ್ಣಿಗೆ ಮೂರು ಸಲ ಎದ್ದು ನಿಂತ. ಮೂರು ಸಲವೂ ಉಳಿ ಇಡುವ ಮೊದಲೇ ಉಸಿರು ಹೋಯಿತು. ಆಮೇಲೆ ಹೇಳಿದ:

"ಪಾಪ, ಕನ್ನಡಿ ಕೆಳಗಿಡು. ಕಣ್ಬಿಡು."

ಕನ್ನಡಿಯನ್ನು ಅಮ್ಮನ ಎದುರಿನ ಕಲ್ಲಿಗೆ ಒರಗಿಸಿ, ಅವಳ ಹಿಂದುಗಡೆಯಿಂದ ಅವನ ಪಕ್ಕಕ್ಕೆ ಬಂದೆ. ಸುತ್ತಿಗೆಯನ್ನು ನನ್ನ ಕೈಗಿಟ್ಟ. ನಮ್ಮ ಮನೆಯ ಹೆಣ್ಣುಮಕ್ಕಳು ಸುತ್ತಿಗೆ ಮುಟ್ಟಿದ್ದೇ ಇಲ್ಲ.

"ಉಳಿ ನಾನು ಹಿಡಿದಿರ್ತೀನಿ. ನೀನು ಉಸಿರು ಹಿಡಿದು ಹೊಡಿ. ಜೋರಾಗಿ ಬೇಡ, ಬೆಳ್ಳುಳ್ಳಿ ಜಜ್ತೀಯಲ್ಲ, ಅಂಗೆ. ಕೈ ನಂದು, ಉಸಿರು ನಿಂದು. ಅಪ್ಪ ಏನೂ ಅನ್ನಲ್ಲ."

"ಗೆರೆ ತಪ್ಪಿದ್ರೆ ಅಣ್ಣ?"

"ತಪ್ಪಲ್ಲ. ನಾನಿಲ್ವಾ."

ಉಳಿಯನ್ನು ಗುರುತಿನ ಮೇಲಿಟ್ಟ. ಅವನ ಕೈ ಎಳ್ಳಷ್ಟೂ ಅಲುಗುತ್ತಿರಲಿಲ್ಲ. ಎದೆ ಅಷ್ಟು ಏದುತ್ತಿದ್ದರೂ ಆ ಬೆರಳುಗಳು ಕಲ್ಲಿನಲ್ಲೇ ಮಾಡಿದಂತೆ ನಿಂತಿದ್ದವು. ನಾನು ಉಸಿರು ಎಳೆದುಕೊಂಡೆ. ಎದೆಯ ತುಂಬ ಉಸಿರು, ನನಗೇನು ಕೊರತೆ, ದಿನಕ್ಕೆ ಆರು ಪೀರಿಯಡ್ಡು ಕೂಗುವವಳು. ಸುತ್ತಿಗೆ ಎತ್ತಿದೆ. ಒಂದು ಏಟು ಜಾರಿದರೆ ಅಮ್ಮ ಭಿನ್ನವಾಗುತ್ತಾಳೆ, ಹೊರಗೆ ನಿಂತ ಜನಕ್ಕೆ ಏನು ಹೇಳಲಿ, ಅಣ್ಣನ ಕಡೆಯ ಕೆಲಸ ನನ್ನ ಕೈಯಿಂದ ಕೆಟ್ಟುಹೋಗುತ್ತದೆ. ಹೀಗೆಲ್ಲ ಯೋಚನೆ ಬಂತು. ಎತ್ತಿದ ಕೈ ಇಳಿಯಲಿಲ್ಲ. ಅವನು ಕಾದ. "ಹೊಡಿ ಪಾಪ" ಎಂದ. ಮತ್ತೆ ಕಾದ. ನನ್ನ ಉಸಿರು ತಾನಾಗಿ ಹೊರಗೆ ಬಂತು, ಜೊತೆಗೆ ಅಳುವೂ ಬಂತು.

ಅವನು ಉಳಿಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ನನ್ನ ಕೈಯಿಂದ ಸುತ್ತಿಗೆ ಬಿಡಿಸಿಕೊಂಡು, "ಹೋಗ್ಲಿ ಬಿಡು, ನಾಳೆ ನೋಡೋಣ" ಎಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುನಿವೆಂಕಟಪ್ಪನವರಿಗೆ ಅತ್ತಿಗೆ ಹೋಗಿ ಹೇಳಿದರು. ಅವರೂ ಬೈಯಲಿಲ್ಲ. ಬೇರೆ ಕೈ ಮುಟ್ಟುವಂತಿಲ್ಲ ಎಂದು ಅವರಿಗೂ ಗೊತ್ತು. "ಆಚಾರಪ್ಪನವ್ರು ಸುಧಾರಿಸ್ಕೊಳ್ಲಿ ತಲ್ಲಿ, ಮೇಮು ಮಳ್ಳಿ ವಸ್ತಾಮು, ಮತ್ತೆ ಬರ್ತೀವಿ" ಎಂದು ಪೇಟ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಬಾಳೆಕಂದು ಕಟ್ಟಿದ ಟ್ರ್ಯಾಕ್ಟರು ಖಾಲಿ ಜಮಖಾನ ಹೊತ್ತುಕೊಂಡು ತಿರುಗಿತು. ತಮಟೆಯವರು ತಮಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಿದ್ದರು. ಊರ ಬಾಗಿಲು ದಾಟುವವರೆಗೂ ನೋಡುತ್ತ ನಿಂತೆ.

ಆ ನಾಳೆ ಬರಲಿಲ್ಲ. ಅಣ್ಣ ಮತ್ತೆ ಶೆಡ್ಡಿಗೆ ಇಳಿಯಲಿಲ್ಲ. ಸಂಕ್ರಾಂತಿ ಕಳೆದು, ಮಾವು ಹೂ ಬಿಡುವ ಹೊತ್ತಿಗೆ ಹೋಗಿಬಿಟ್ಟ. ಯಲ್ದೂರಿನ ಕಡೆಯವರು ಬೇರೆ ಶೆಡ್ಡಿನಲ್ಲಿ ಚಿಕ್ಕದೊಂದು ಅಮ್ಮನನ್ನು ಮಾಡಿಸಿಕೊಂಡು ಹೋದರು. ಮುನಿವೆಂಕಟಪ್ಪ ಮಾತ್ರ ಪ್ರತಿ ವರ್ಷ ಒಂದು ಬುಟ್ಟಿ ಮಾವಿನಹಣ್ಣು ತರುತ್ತಾರೆ. ಒಂದು ಹಣ್ಣನ್ನು ಶೆಡ್ಡಿನ ಬಾಗಿಲಲ್ಲಿಟ್ಟು, "ಈಯಮ್ಮನ್ನ ಏನ್ ಮಾಡೋಣ ಟೀಚರಮ್ಮ?" ಎಂದು ಕೇಳುತ್ತಾರೆ. ಏನು ಮಾಡುವುದು? ಪೂಜೆಗೆ ಕೂರಿಸುವಂತಿಲ್ಲ, ಮುಗಿದಿಲ್ಲ. ನೀರಿಗೆ ಬಿಡುವಂತಿಲ್ಲ, ಭಿನ್ನವಾಗಿಲ್ಲ. ತೆರೆದ ಕಣ್ಣಿನ ಎದುರಿಂದ ಕನ್ನಡಿ ತೆಗೆಯುವುದು ಯಾವಾಗ ಎಂದು ಹೇಳುವವರು ಯಾರೂ ಇಲ್ಲ. ನಾನು ಅವತ್ತು ಒರಗಿಸಿಟ್ಟ ಕನ್ನಡಿ ಅಲ್ಲೇ ಇದೆ.

ಅಡುಗೆ ಕಟ್ಟೆ ಹಾಕಿಸಿದ ಆ ವಾರ, ಭಾನುವಾರ, ಶಿವಾರಪಟ್ಟಣಕ್ಕೆ ಹೋದೆ. ಅತ್ತಿಗೆ ಬೀಗದ ಕೈ ಕೊಟ್ಟರು. ಕನ್ನಡಿಯ ಮೇಲೆ ಪಕ್ಕದ ಶೆಡ್ಡಿನ ಧೂಳು ದಪ್ಪಗೆ ಕೂತಿತ್ತು. ಒದ್ದೆ ಬಟ್ಟೆ ತಂದು, ಅಮ್ಮನ ಕಡೆ ತಿರುಗದೆ ಒರೆಸುತ್ತಿದ್ದೆ. ಬೆಂಗಳೂರಿನಿಂದ ಶಿಲ್ಪಗಳ ಊರು ನೋಡಲು ಬಂದಿದ್ದ ಒಂದು ಗುಂಪು ಬಾಗಿಲಲ್ಲಿ ನಿಂತಿತು. ಈಗೀಗ ಹೀಗೆ ರಜೆಯಲ್ಲಿ ಜನ ಬರುತ್ತಾರೆ, ಬೇಡ ಅನ್ನಲಾಗುವುದಿಲ್ಲ. ಅವರಲ್ಲಿ ಒಬ್ಬಳು ಹುಡುಗಿ, ಇಪ್ಪತ್ತೈದರ ಒಳಗಿನವಳು, ಒಳಗೆ ಬಂದು ಅಮ್ಮನನ್ನು ಬಹಳ ಹೊತ್ತು ನೋಡಿದಳು.

"ಎಷ್ಟು ಚೆನ್ನಾಗಿದೆ. ಈ ಕಣ್ಣಲ್ಲಿ ಗೆರೆನೇ ಇಲ್ವಲ್ಲ, ಇಷ್ಟು ಮಾಡಿ ಯಾಕೆ ನಿಲ್ಲಿಸಿದ್ರು ಆಂಟಿ?"

ಊರವರು ಎಲ್ಲರಿಗೂ ಹೇಳುವುದು ಒಂದೇ. ಆಚಾರಿ ತೀರಿಕೊಂಡ, ಅದಕ್ಕೇ ನಿಂತಿತು ಎಂದು. ನಾನೂ ಹಾಗೇ ಹೇಳಬಹುದಿತ್ತು.

"ಅವನು ನಿಲ್ಲಿಸಲಿಲ್ಲಮ್ಮ. ನಿಲ್ಲಿಸಿದ್ದು ನಾನು" ಎಂದೆ.

ಅವಳ ಮುಖ ಅರಳಿತು. "ನೀವೇ ಕೆತ್ತಿದ್ದಾ? ಹೆಂಗಸರು ಮಾಡೋದು ನೋಡೇ ಇರ್ಲಿಲ್ಲ ನಾನು. ಪ್ಲೀಸ್, ಪಕ್ಕದಲ್ಲಿ ನಿಂತ್ಕೊಳ್ಳಿ, ಒಂದು ಫೋಟೋ."

ಅಲ್ಲ ಎಂದು ಹೇಳಲು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಮ್ಮನ ಪಕ್ಕದಲ್ಲಿ ಹೋಗಿ ನಿಂತೆ. ಅವಳು ಮೊಬೈಲು ಎತ್ತಿದಳು.

"ಅಯ್ಯೋ ಆಂಟಿ, ಕಣ್ಣು ಮುಚ್ಚಿಬಿಟ್ರಿ. ಇನ್ನೊಂದ್ಸಲ" ಎಂದಳು.

ಇನ್ನೊಂದು ಸಲವೂ ಮುಚ್ಚಿದೆ.